ಆಡುವ ಕೈಗಳೂ ಕಟ್ಟುವ ಕೈಗಳೂ

ಕಂಪ್ಯೂಟರಿನ ಆಟವೆಂದ ಕೂಡಲೆ ತಂದೆತಾಯಿಗಳು ಹುಬ್ಬು ಗಂಟಿಕ್ಕುವುದು ವಾಡಿಕೆಯಾಗಿದೆ. ಮಕ್ಕಳ ಕಾಲವೂ ಕಣ್ಣೂ ಅದರಲ್ಲಿ ಸವೆಯುತ್ತಿರುವುದನ್ನು ದಿನವೂ ಕಾಣುವವರ ಈ ಅಸಮಾಧಾನವು ಅಕಾರಣವಾದುದಲ್ಲ. ಆದರೆ ಆಟವನ್ನು ಆಡುವುದು ಬೇರೆ, ಆಟವನ್ನು ಕಟ್ಟುವುದು ಬೇರೆ. ಚಿತ್ರಗಳ ಹಂಗಿಲ್ಲದೆ ಬರಿಯ ಅಕ್ಷರಗಳಿಂದಲೇ ನಡೆಯುವ, ದೂರದೂರದ ಅನೇಕರು ಇಂಟರ್ನೆಟ್ಟಿನ ಮೂಲಕ ಒಟ್ಟುಗೂಡಿ ಆಡುವ ಆಟಗಳನ್ನು ತಾವೇ ಬರೆಯಲು ಕಲಿಯುತ್ತಿರುವ ತರುಣರ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡಲು ನಾವು ಅಪೇಕ್ಷಿಸುತ್ತೇವೆ.

ಈ ಜಾತಿಯ ಆಟಗಳಿಗೆ ‘ಮಡ್’ ಎಂದು ಹೆಸರು. ಆಟಗಾರನ ಮುಂದೆ ಹಾಳುಕೋಟೆಯ ಬಾಗಿಲನ್ನೋ ನದಿಯ ದಡವನ್ನೋ ವರ್ಣಿಸುವ ನಾಲ್ಕು ವಾಕ್ಯಗಳು ಮೂಡುತ್ತವೆ. ಅವನು ‘ಉತ್ತರ’ ಎಂದು ಬರೆದರೆ ಉತ್ತರದ ಕೋಣೆಗೆ ಸಾಗುತ್ತಾನೆ. ಅಲ್ಲಿ ಆಗಲೇ ನಿಂತಿರುವ ಇನ್ನೊಬ್ಬ ಆಟಗಾರನು ಇವನ ಬರವನ್ನು ಕಂಡು ಮಾತನಾಡಿಸುತ್ತಾನೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ರಾಯ್ ಟ್ರಬ್‌ಶಾ ಎಂಬವರು ಇದನ್ನು ಮೊದಲು ರಚಿಸಿದರು. ಅಲ್ಲಿಯ ವಿದ್ಯಾರ್ಥಿಯೇ ಆಗಿದ್ದ ರಿಚರ್ಡ್ ಬಾರ್ಟಲ್ ಅವರು ಅದನ್ನು ಮುಂದುವರಿಸಿದರು. 1987ರಲ್ಲಿ ವೇಲ್ಸಿನ ಅಬರಿಸ್ಟ್‌ವಿತ್‌ನಲ್ಲಿ ಇಂತಹದೇ ಆಟವನ್ನು ಮಿತ್ರರೊಡನೆ ಬರೆದ ಅಲನ್ ಕಾಕ್ಸ್ ಅವರು ಮುಂದೆ ಲಿನಕ್ಸಿನ ಪ್ರಮುಖ ನಿರ್ಮಾಪಕರಲ್ಲೊಬ್ಬರೆಂದು ಪ್ರಖ್ಯಾತರಾದರು. 1991ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ತಮ್ಮ ‘ಡಿಕು ಮಡ್’ ಪ್ರೋಗ್ರಾಮನ್ನು, ಅದರಿಂದ ಯಾರೂ ಹಣ ಗಳಿಸಕೂಡದೆಂಬ ನಿಬಂಧನೆಯೊಡನೆ, ಎಲ್ಲರ ಕೈಗೂ ಬಿಟ್ಟುಕೊಟ್ಟರು. ಇವರಾರೂ ಬಂಡವಾಳಗಾರರಲ್ಲ, ಕಲಿಯುತ್ತ ಕಟ್ಟಿದವರು, ಕಟ್ಟುತ್ತ ಕಲಿತವರು.

ಇದರಿಂದ ಕಲಿಯತಕ್ಕದ್ದೇನೆಂದು ಕೆಲವರು ಕೇಳಬಹುದು. ಕೋಣೆಯಲ್ಲಿ ಒಂದೇ ದೀಪವಿದೆ. ಇಬ್ಬರು ಒಂದೇ ಕ್ಷಣದಲ್ಲಿ ಅದನ್ನು ತೆಗೆದುಕೊಳ್ಳಬಯಸುತ್ತಾರೆ. ಅದು ಯಾರ ಕೈ ಸೇರಬೇಕು? ಬೀಗದ ಕೈಯನ್ನು ಹಿಡಿದಿದ್ದವನ ಸಂಪರ್ಕವು ನಡುವೆ ಕಡಿದುಹೋದರೆ ಆ ಬೀಗದ ಕೈಯ ಗತಿಯೇನು? ವಿದ್ಯುತ್ತು ನಿಂತು ಮರಳಿ ಬಂದಾಗ ಲೋಕವು ಇದ್ದಂತೆಯೇ ಇರಬೇಕಾದರೆ ಯಾವುದನ್ನು, ಯಾವಾಗ, ಎಲ್ಲಿ ಬರೆದಿಡಬೇಕು? ರೈಲಿನ ಒಂದೇ ಆಸನವನ್ನು ಎರಡು ಊರುಗಳಲ್ಲಿ ಇಬ್ಬರು ಏಕಕಾಲದಲ್ಲಿ ಕಾದಿರಿಸಬಯಸಿದಾಗ ಏಳುವ ಪ್ರಶ್ನೆಯೂ ಇದೇ. ಬ್ಯಾಂಕಿನ ಲೆಕ್ಕದಲ್ಲಿ ಏಳುವುದೂ ಇದೇ. ಹದಿನಾರರ ಹುಡುಗನು ಆಟದ ನೆಪದಿಂದ ಇವುಗಳನ್ನು ಎದುರಿಸಿ ಬಿಡಿಸಿದನಾದರೆ, ಅವನ ಕಾಲವು ವ್ಯರ್ಥವಾಯಿತೆಂದು ಹೇಳುವುದು ನ್ಯಾಯವಲ್ಲ.

ಆದರೆ ಹೊಸಬರು ಎಡವುವ ಸ್ಥಳಗಳು ಎರಡುಂಟು. ಮೊದಲನೆಯದು ಅತ್ಯಾಶೆ. ನೂರು ಕೋಟೆಗಳು, ಸಾವಿರ ಆಯುಧಗಳು, ಹತ್ತು ಕುಲಗಳ ಇತಿಹಾಸ ಇವುಗಳನ್ನೆಲ್ಲ ಕಾಗದದಲ್ಲಿ ತುಂಬಿ, ಒಂದು ಬಾಗಿಲೂ ತೆರೆಯುವ ಮುನ್ನವೇ ಬೇಸತ್ತು ಕೈಬಿಡುವವರು ಬಹಳ. ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮೊದಲು ಇಬ್ಬರು ಸಂಪರ್ಕ ಪಡೆದು ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಲಿ. ಬಳಿಕ ಎರಡು ಕೋಣೆಗಳು, ನಡುವೆ ಒಂದು ಬಾಗಿಲು. ಬಳಿಕ ಎತ್ತಿಡಬಹುದಾದ ಒಂದು ದೀಪ. ಬಳಿಕ ಅದೆಲ್ಲವನ್ನೂ ಉಳಿಸಿಡುವ ಏರ್ಪಾಡು. ಇಷ್ಟು ನಡೆದರೆ ಕೋಟೆಯು ತಾನಾಗಿ ಬೆಳೆಯುತ್ತದೆ.

ಎರಡನೆಯದು ಎರವಲು. ಡಿಕು ಮೊದಲಾದವುಗಳ ಸಿದ್ಧ ಪ್ರೋಗ್ರಾಮನ್ನು ತಂದು, ಊರಿನ ಹೆಸರನ್ನು ಬದಲಾಯಿಸಿ, ತನ್ನದೆಂದು ಹೇಳಿಕೊಳ್ಳುವುದು ಸುಲಭ. ಪೈಥಾನ್ ಭಾಷೆಯಲ್ಲಿ ಬರೆದಿರುವ ‘ಎವೆನಿಯಾ’ದಂತಹ ಉತ್ತಮ ಸಾಧನಗಳು ಉಚಿತವಾಗಿ ದೊರೆಯುತ್ತಿರುವಾಗ ತಳಹದಿಯನ್ನು ಹೊಸದಾಗಿ ಏಕೆ ಹಾಕಬೇಕೆಂಬ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. ಅವುಗಳನ್ನು ಬಳಸಲಿ, ಆದರೆ ಎರಡು ಕೋಣೆಗಳನ್ನಾದರೂ ಸ್ವಂತ ಕೈಯಿಂದ ಕಟ್ಟಿದ ಮೇಲೆ ಬಳಸಲಿ. ಒಂದು ಗೋಡೆಯನ್ನೂ ಎತ್ತದವನಿಗೆ ಗೋಡೆಯು ಬಿರುಕು ಬಿಟ್ಟಾಗ ಕಾರಣ ತಿಳಿಯುವುದು ದುರ್ಲಭ.

ಕನ್ನಡದಲ್ಲಿ ಆಟವನ್ನು ಬರೆಯಹೊರಟವನಿಗಂತೂ ಎರವಲು ಬಹುದೂರ ಬರಲಾರದು. ಇಂಗ್ಲಿಷಿನ ಆಜ್ಞೆಯಲ್ಲಿ ಕ್ರಿಯಾಪದವು ಮೊದಲು ಬರುವುದರಿಂದ ಆ ಪ್ರೋಗ್ರಾಮುಗಳು ಮೊದಲ ಪದವನ್ನೇ ಕ್ರಿಯೆಯೆಂದು ಎಣಿಸುತ್ತವೆ. ‘ದೀಪವನ್ನು ತೆಗೆದುಕೋ’ ಎಂಬಲ್ಲಿ ಕ್ರಿಯೆಯು ಕಡೆಯಲ್ಲಿದೆ. ದೀಪಕ್ಕೆ ವಿಭಕ್ತಿ ಪ್ರತ್ಯಯವು ಅಂಟಿಕೊಂಡಿದೆ. ದೀಪವನ್ನು, ದೀಪಕ್ಕೆ, ದೀಪದಿಂದ ಎಂಬ ಮೂರೂ ಒಂದೇ ವಸ್ತುವೆಂದು ಯಂತ್ರಕ್ಕೆ ತಿಳಿಸಬೇಕಾದರೆ ವಿಭಕ್ತಿಗಳ ಪಾಠವನ್ನು ಮತ್ತೆ ತೆರೆಯಬೇಕು. ಪರೀಕ್ಷೆಗಾಗಿ ಉರುಹೊಡೆದ ವ್ಯಾಕರಣವು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಕ್ಷರಗಳ ಅಡ್ಡಿಯು ಹೆಚ್ಚಾಗಿ ಉಳಿದಿಲ್ಲ: 1991ರ ಯೂನಿಕೋಡ್ ಪ್ರಥಮ ಆವೃತ್ತಿಯಲ್ಲೇ ಕನ್ನಡವು ಸೇರಿತ್ತು, 2008ರಲ್ಲಿ ಹೊರಟ ಪೈಥಾನ್ 3 ಆ ಅಕ್ಷರಗಳನ್ನು ಸಹಜವಾಗಿ ಸ್ವೀಕರಿಸುತ್ತದೆ. ಹಳೆಯ ಮಾದರಿಯ ಟರ್ಮಿನಲ್ ಕಿಟಕಿಗಳಲ್ಲಿ ಒತ್ತಕ್ಷರಗಳು ಚೆದರಿ ಕಾಣುವುದುಂಟು; ಬ್ರೌಸರಿನ ಮೂಲಕ ಆಡಿಸಿದರೆ ಆ ತೊಡಕೂ ಬಹುಮಟ್ಟಿಗೆ ನೀಗುತ್ತದೆ.

ಈ ಕೆಲಸಕ್ಕೆ ಬೆಲೆಯುಳ್ಳ ಯಂತ್ರವು ಬೇಡ. ಅಕ್ಷರದ ಆಟಕ್ಕೆ ಹಳೆಯ ಕಂಪ್ಯೂಟರೇ ಸಾಕು. ಆದುದರಿಂದ ಕಂಪ್ಯೂಟರು ಕೊಠಡಿಗಳುಳ್ಳ ಶಾಲೆಗಳ ಮುಖ್ಯೋಪಾಧ್ಯಾಯರೂ ಮೇಲಧಿಕಾರಿಗಳೂ ವಾರಕ್ಕೊಂದು ಗಂಟೆಯನ್ನು ಇದಕ್ಕೆ ಬಿಟ್ಟುಕೊಡಬೇಕೆಂದೂ, ಕನ್ನಡ ಪಂಡಿತರು ಆ ಗಂಟೆಯಲ್ಲಿ ಗಣಿತೋಪಾಧ್ಯಾಯರ ಜೊತೆಗೆ ಕುಳಿತುಕೊಳ್ಳಬೇಕೆಂದೂ ನಾವು ವಿನಂತಿಸುತ್ತೇವೆ. ತಂದೆತಾಯಿಗಳು ಏನು ಆಡುತ್ತಿರುವೆಯೆಂದು ಗದರಿಸುವ ಮುನ್ನ, ಏನನ್ನು ಕಟ್ಟಿರುವೆಯೆಂದು ಒಮ್ಮೆ ವಿಚಾರಿಸಲಿ. ಉತ್ತರವಾಗಿ ಎರಡು ಕೋಣೆಗಳನ್ನೂ ಒಂದು ದೀಪವನ್ನೂ ತೋರಿಸಿದ ಮಗುವಿಗೆ ಬೆನ್ನು ತಟ್ಟುವುದು ಹಿರಿಯರಾದವರ ಕರ್ತವ್ಯವು.