ಪ್ರಭಾರದ ನಾಡಿಗೆ ಮಳೆಗಾಲ ಬಂದಾಗ



2019ರ ಆಗಸ್ಟ್ ತಿಂಗಳನ್ನು ನಾವು ಯಾರೂ ಮರೆತಿಲ್ಲ. ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತು. ರಾಜ್ಯದ ಹಲವು ಜಿಲ್ಲೆಗಳು ನೀರಿನಲ್ಲಿ ಮುಳುಗಿದವು. ಆ ದಿನಗಳಲ್ಲಿ ಕರ್ನಾಟಕಕ್ಕೆ ಮುಖ್ಯಮಂತ್ರಿಗಳಿದ್ದರು, ಮಂತ್ರಿಮಂಡಲ ಇರಲಿಲ್ಲ. ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ ಆಗ ನಮ್ಮ ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಸಂಪುಟ ರಚಿಸಿದ್ದು ಆಗಸ್ಟ್ 20ರಂದು. ಇಪ್ಪತ್ತೈದು ದಿನ ಒಬ್ಬರೇ ಸರ್ಕಾರ; ಜಿಲ್ಲೆಗೊಬ್ಬ ಉಸ್ತುವಾರಿ ಮಂತ್ರಿಯೂ ಇಲ್ಲ.

ಆದರೆ ಆಗ ಮೇಲಿನ ಮೆಟ್ಟಿಲು ಖಾಲಿಯಾಗಿದ್ದರೂ ಕೆಳಗಿನ ಮೆಟ್ಟಿಲುಗಳು ಭದ್ರವಾಗಿದ್ದವು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿದ್ದವು. 2018ರಲ್ಲಿ ಆಯ್ಕೆಯಾದ ಶಿವಮೊಗ್ಗ ಮಹಾನಗರ ಪಾಲಿಕೆ ಇತ್ತು. ನೀರು ನುಗ್ಗಿದ ಬೀದಿಯಲ್ಲಿ ನಿಂತವರು ಹೆಸರು ಹಿಡಿದು ಕೂಗಬಹುದಾದ ಒಬ್ಬ ಸದಸ್ಯನಿದ್ದ. ಇಂದು ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಆ ಕೆಳಗಿನ ಮೆಟ್ಟಿಲುಗಳನ್ನು ಕಿತ್ತವರು ಯಾರು?

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಕ್ಷೇತ್ರ ಪುನರ್ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಒಪ್ಪಿಸಲಾಯಿತು. ಅನಂತರ ಮೀಸಲಾತಿಯ ತಕರಾರು, ನ್ಯಾಯಾಲಯದ ವಾಯಿದೆ, ಮತ್ತೆ ವಾಯಿದೆ. 2023ರಲ್ಲಿ ಆಳುವ ಪಕ್ಷ ಬದಲಾಯಿತು. ಖಾಲಿ ಕುರ್ಚಿ ಬದಲಾಗಲಿಲ್ಲ. ಅದೇ ವರ್ಷದ ಕೊನೆಗೆ ಶಿವಮೊಗ್ಗ ಪಾಲಿಕೆಯ ಅವಧಿಯೂ ಮುಗಿದು ಅಲ್ಲಿಯೂ ಆಡಳಿತಾಧಿಕಾರಿ ಬಂದರು. ಕೊರೋನಾದ ಮೊದಲ ವರ್ಷವಾದ 2020ರ ನಡುವಿನಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ ತೀರಿದಾಗ ನಡೆದದ್ದೂ ಇದೇ: ರೋಗ ಹಳ್ಳಿಗೆ ಕಾಲಿಡುವ ಹೊತ್ತಿಗೆ ಹಳ್ಳಿಯ ಸದಸ್ಯ ಮಾಜಿಯಾಗಿದ್ದ.

ಇದು ಹೊಸ ರೋಗವೂ ಅಲ್ಲ. ಅಬ್ದುಲ್ ನಜೀರ್‌ಸಾಬರ ಕನಸಿನ ಜಿಲ್ಲಾ ಪರಿಷತ್ತುಗಳಿಗೆ 1987ರಲ್ಲಿ ಚುನಾವಣೆ ನಡೆದು, 1992ರಲ್ಲಿ ಅವಧಿ ಮುಗಿದ ಬಳಿಕ ಮುಂದಿನ ಜಿಲ್ಲಾ ಚುನಾವಣೆ ಕಂಡದ್ದು 1995ರಲ್ಲಿ. ಈ ಚಾಳಿಗೆ ಕಡಿವಾಣ ಹಾಕಲೆಂದೇ ಸಂವಿಧಾನ ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷದ ಗಡುವು ವಿಧಿಸಿದೆ. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಖಾಲಿ ಕುರ್ಚಿಯಿಂದ ಆಗುವ ನಷ್ಟವೇನು? ಎರಡು ಕಾನೂನುಗಳನ್ನು ನೋಡಿರಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜನರಿಂದ ಆಯ್ಕೆಯಾದ ಸ್ಥಳೀಯ ಸಂಸ್ಥೆಯ ಪ್ರತಿನಿಧಿ ಸಹ ಅಧ್ಯಕ್ಷರು. ಜಿಲ್ಲಾ ಪಂಚಾಯಿತಿಯೇ ಇಲ್ಲದಾಗ ಜನರ ಪರವಾದ ಆ ಆಸನದಲ್ಲಿ ಕೂರುವವರು ಯಾರು? 2006ರ ಅರಣ್ಯ ಹಕ್ಕು ಕಾಯ್ದೆಯ ಉಪವಿಭಾಗ ಹಾಗೂ ಜಿಲ್ಲಾ ಸಮಿತಿಗಳಲ್ಲಿ ಪಂಚಾಯಿತಿ ಸದಸ್ಯರು ಮೂವರು ಮೂವರು ಇರಬೇಕು. ಅವರಿಲ್ಲದ ಸಮಿತಿಯಲ್ಲಿ ಉಳಿಯುವವರು ಅಧಿಕಾರಿಗಳು ಮಾತ್ರ. ಕಾಡಂಚಿನ ಬಡವನ ಅರ್ಜಿಯನ್ನು ಅವನ ಭಾಷೆಯಲ್ಲಿ ವಿವರಿಸುವ ಬಾಯಿಯೇ ಅಲ್ಲಿ ಇಲ್ಲ.

‘ರಾಜಕೀಯವಿಲ್ಲದೆ ಅಧಿಕಾರಿಗಳೇ ಚೆನ್ನಾಗಿ ನಡೆಸುತ್ತಾರಲ್ಲ’ ಎನ್ನುವ ವಿದ್ಯಾವಂತರು ನಮ್ಮಲ್ಲಿದ್ದಾರೆ. ಒಳ್ಳೆಯ ಅಧಿಕಾರಿಗಳು ಇದ್ದಾರೆ, ನಿಜ. ಆದರೆ ಅವರು ಇರುವುದು ಎಷ್ಟು ದಿನ? ಸಾರ್ವತ್ರಿಕ ವರ್ಗಾವಣೆಯ ಹಂಗಾಮು ನಮ್ಮಲ್ಲಿ ಸಾಮಾನ್ಯವಾಗಿ ಮುಂಗಾರಿನ ಜೊತೆಗೇ ಬರುತ್ತದೆ. ಗುಡ್ಡ ಎಲ್ಲಿ ಜಾರುತ್ತದೆ, ಯಾವ ಮೋರಿ ಕಟ್ಟಿಕೊಳ್ಳುತ್ತದೆ ಎಂದು ಕಲಿತವರು ಜೂನ್‌ನಲ್ಲಿ ಹೊರಟುಹೋಗುತ್ತಾರೆ. ಅವರ ಜಾಗಕ್ಕೆ ಬರುವುದು ಮನುಷ್ಯನಲ್ಲ, ಒಂದು ಶಬ್ದ: ‘ಪ್ರಭಾರ’. ಎರಡು ಪಂಚಾಯಿತಿಗಳ ಪ್ರಭಾರ ಹೊತ್ತ ಅಭಿವೃದ್ಧಿ ಅಧಿಕಾರಿ ಒಂದೇ ರಾತ್ರಿ ಎರಡು ಹಳ್ಳಗಳ ದಡದಲ್ಲಿ ನಿಲ್ಲಲಾರರು. ಆಗುಂಬೆಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರ್. ನಡುವೆ ಮರ ಬಿದ್ದರೆ ಆ ದೂರಕ್ಕೆ ಅಳತೆಯೇ ಇಲ್ಲ.

ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ಗೇಟು ತೆರೆದಾಗ ಭದ್ರಾವತಿಯ ಹೊಸ ಸೇತುವೆ ಮುಳುಗುವುದನ್ನು ಕಂಡಿದ್ದೇವೆ. ನಡುರಾತ್ರಿ ಎಚ್ಚರಿಕೆಯ ಕರೆ ಬಂದಾಗ ಎತ್ತಿಕೊಳ್ಳುವವರು ಯಾರು? ಅವರು ಹಾಸಿಗೆ ಹಿಡಿದಿದ್ದರೆ ಮುಂದಿನವರು ಯಾರು? ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಮಂಗ ಸತ್ತು ಬಿದ್ದ ಸುದ್ದಿ ಮೊದಲು ತಲುಪುವುದು ಕಚೇರಿಗಲ್ಲ, ಊರಿನ ಸದಸ್ಯನ ಜಗಲಿಗೆ. ಆ ಜಗಲಿಯಿಂದ ಆಸ್ಪತ್ರೆಯವರೆಗಿನ ದಾರಿಯೇ ನಮ್ಮ ನಿಜವಾದ ವಿಪತ್ತು ನಿರ್ವಹಣೆ.

ಅಧ್ಯಕ್ಷರಿಲ್ಲದಾಗ ಉಪಾಧ್ಯಕ್ಷರು ಎಂದು ಪಂಚಾಯಿತಿ ಕಾನೂನು ಹೇಳುತ್ತದೆ. ಇಬ್ಬರೂ ಹೊಳೆಯ ಆಚೆ ಸಿಕ್ಕಿಬಿದ್ದರೆ? ಮನೆಯಲ್ಲಿ ಹಿರಿಯರು ಊರಿಗೆ ಹೊರಟರೆ ಕೊಟ್ಟಿಗೆ ಯಾರದು, ತೋಟದ ನೀರು ಯಾರದು ಎಂದು ಹೇಳಿಯೇ ಹೊರಡುತ್ತಾರೆ. ಆಡಳಿತಕ್ಕೆ ಅಷ್ಟು ಬುದ್ಧಿ ಬೇಡವೇ?

ಆದ್ದರಿಂದ ನಮ್ಮ ಒತ್ತಾಯಗಳು ಇವು. ಒಂದು, ಪ್ರತಿ ಗ್ರಾಮ ಪಂಚಾಯಿತಿ ಮತ್ತು ಪ್ರತಿ ವಾರ್ಡು ತನ್ನ ಹೊಣೆಗಾರರ ಸರದಿಯನ್ನು, ಒಬ್ಬರ ನಂತರ ಒಬ್ಬರಂತೆ ಕನಿಷ್ಠ ಮೂರು ಹೆಸರುಗಳನ್ನು, ಮೇ ತಿಂಗಳೊಳಗೆ ಸಭೆಯಲ್ಲಿ ಓದಿ ಸೂಚನಾ ಫಲಕಕ್ಕೆ ಹಚ್ಚಬೇಕು. ಎರಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಕ್ಷೇತ್ರ ಸಿಬ್ಬಂದಿಯ ವರ್ಗಾವಣೆ ನಿಲ್ಲಬೇಕು. ಯಾವಾಗ ಹೊರಟರೂ ಅಪಾಯದ ಜಾಗಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಒಪ್ಪಿಸಿ ಹೋಗಬೇಕು. ಮೂರು, ಅವಧಿ ಮುಗಿಯುವ ಮೊದಲೇ ಚುನಾವಣೆ. ಆಡಳಿತಾಧಿಕಾರಿಯ ನೇಮಕ ಉತ್ತರಾಧಿಕಾರವಲ್ಲ. ಅದು ಜನರ ಆಸ್ತಿಯನ್ನು ಅಡವಿಟ್ಟಂತೆ.

ಮೊದಲನೆಯದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ವಿದ್ಯಾರ್ಥಿ ಮಿತ್ರರು ರಜೆಯಲ್ಲಿ ಊರಿಗೆ ಬಂದಾಗ ಮನೆಮನೆಗೆ ಹೋಗಿ ಆ ಪಟ್ಟಿಯನ್ನು ಸಿದ್ಧಪಡಿಸಬಹುದು. ಹಿರಿಯರು ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ನಡಾವಳಿಗೆ ಸೇರಿಸಿರೆಂದು ಕೇಳಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಬೇಡ. ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ, ಈ ಪ್ರಶ್ನೆಯನ್ನು ಕೇಳಿ: ‘ನೀವಿಲ್ಲದ ರಾತ್ರಿ ನಾವು ಯಾರ ಬಾಗಿಲು ಬಡಿಯಬೇಕು?’