ತೊನ್ನು ಕುಷ್ಠವಲ್ಲ

ಕನ್ಯೆಯ ತುಟಿಯಂಚಿನಲ್ಲಿಯೋ ಬೆರಳ ತುದಿಯಲ್ಲಿಯೋ ಒಂದು ಬಿಳಿಯ ಕಲೆ ಕಂಡಿತೆಂದರೆ ನಿಶ್ಚಯವಾದ ಲಗ್ನವೂ ಮುರಿದು ಬೀಳುವದು. ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಲ್ಲಿ ಇದು ಹೊಸ ಮಾತಲ್ಲ. ಆಕೆಯ ತಂಗಿಯರಿಗೂ ವರಗಳು ಬಾರವು. ತಾಯಿಯು ಮಗಳನ್ನು ಒಳಮನೆಯಲ್ಲಿ ಮರೆಮಾಡುವಳು. ಈ ಅನ್ಯಾಯದ ಮೂಲವು ರೋಗದಲ್ಲಿಲ್ಲ, ನಾವು ಅದಕ್ಕಿಟ್ಟ ಹೆಸರಿನಲ್ಲಿದೆ. ತೊನ್ನನ್ನು ‘ಶ್ವೇತಕುಷ್ಠ’ವೆಂದು ಕರೆದು ಕುಷ್ಠದ ಭಯವನ್ನೆಲ್ಲ ಅದರ ತಲೆಗೆ ಕಟ್ಟಿದ್ದೇವೆ.

ಇವೆರಡಕ್ಕೂ ಸಂಬಂಧವಿಲ್ಲ. ಕುಷ್ಠವು ಕ್ರಿಮಿಯಿಂದ ಬರುವದು. ಅದರ ಕಲೆಯು ಮಾಸಲಾಗಿದ್ದು, ಅಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನವು ಕುಂದಿರುವದು. ತೊನ್ನಿನ ಕಲೆಯು ಸುಣ್ಣದಂತೆ ಬೆಳ್ಳಗಿದ್ದರೂ ಹತ್ತಿಯ ಎಳೆ ತಾಕಿದರೆ ತಿಳಿಯುವದು. ಶರೀರದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಾಶಮಾಡುವದರಿಂದ ಅದು ಹುಟ್ಟುವದು. ಮುಟ್ಟಿದರೆ, ಕೂಡಿ ಉಂಡರೆ ಅಂಟುವದಿಲ್ಲ. ಸುಮಾರು ಅರ್ಧದಷ್ಟು ಮಂದಿಗೆ ಅದು 20 ವರ್ಷದೊಳಗೇ, ಅಂದರೆ ಲಗ್ನದ ಮಾತು ಏಳುವ ಮೊದಲೇ, ತೋರುವದು.

ಕೆಲವು ಮನೆತನಗಳಲ್ಲಿ ಇದಕ್ಕೆ ಒಲವುಂಟು. ಆದರೆ ಬಹುಪಾಲು ರೋಗಿಗಳ ಮನೆಯಲ್ಲಿ ಮತ್ತಾರಿಗೂ ಇರುವದಿಲ್ಲ. ಕೆಲವರಲ್ಲಿ ಥೈರಾಯಿಡ್ ಗ್ರಂಥಿಯ ದೋಷವೂ ಜೊತೆಗೂಡಿರುವದು. ಗಾಯವಾದಲ್ಲಿ, ಲಂಗದ ಲಾಡಿ ಒತ್ತಿದಲ್ಲಿ ಹೊಸ ಕಲೆ ಏಳಬಹುದು. ಟಿಕಳಿಯ ಅಂಟಿನ ರಾಸಾಯನಿಕದಿಂದಲೂ ಹಣೆಯು ಬೆಳ್ಳಗಾದದ್ದನ್ನು ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ. ಮೀನು-ಹಾಲು ಕೂಡಿಸಿ ಉಂಡದ್ದರಿಂದ, ಹಿಂದಿನ ಜನ್ಮದ ಪಾಪದಿಂದ ಇದು ಬರುವದೆಂಬ ಮಾತಿಗೆ ಮಾತ್ರ ಆಧಾರವಿಲ್ಲ.

ಗಾಣಗಾಪುರದ ಸಂಗಮದಲ್ಲಿ ಮಿಂದು ಹರಕೆ ಹೊರುವವರ ಭಕ್ತಿಯನ್ನು ನಾವು ಗೌರವಿಸುತ್ತೇವೆ; ಹರಕೆಯ ಜೊತೆಗೆ ಔಷಧವೂ ನಡೆಯಲಿ. ಬಾವಂಚಿ ಬೀಜದ ಲೇಪ ಹಚ್ಚಿ ಬಿಸಿಲಿಗೆ ಕೂಡುವದು ಹಳೆಯ ಪದ್ಧತಿ. ಆದರೆ ಅಳತೆ ತಪ್ಪಿದರೆ ಕಲಬುರಗಿಯ ಬಿಸಿಲು ಚರ್ಮವನ್ನೇ ಸುಡುವದು. ವೈದ್ಯರು ಕೊಡುವ ಲೇಪಗಳೂ ನೇರಳಾತೀತ ಕಿರಣದ ಚಿಕಿತ್ಸೆಯೂ ಅನೇಕರಿಗೆ, ಅದರಲ್ಲಿಯೂ ಬೇಗ ಆರಂಭಿಸಿದವರಿಗೆ, ಗುಣ ಕೊಟ್ಟಿವೆ.

ಆದರೆ ಈ ಕಿರಣವನ್ನು ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಪಡೆಯಬೇಕು. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿಗೆ ಸುಮಾರು 40 ಕಿಲೋಮೀಟರು. ಅಫಜಲಪುರದಿಂದ ಇನ್ನೂ ದೂರ. ತೊಗರಿಯ ಹೊಲದಲ್ಲಿ ದುಡಿಯುವ ಹೆಣ್ಣುಮಗಳು ದಿನದ ಕೂಲಿ ಬಿಟ್ಟು ಎಷ್ಟು ಸಲ ಹೋದಾಳು? 371(ಜೆ) ವಿಧಿಯಡಿ ಈ ಭಾಗದ ಹೊಣೆ ಹೊತ್ತ ಸರಕಾರವು, ಮೂರೂ ತಾಲೂಕು ಆಸ್ಪತ್ರೆಗಳಲ್ಲಿ ಕಿರಣಯಂತ್ರವೂ ಚರ್ಮವೈದ್ಯರ ನಿಗದಿತ ದಿನವೂ ಜನರಿಗೆ ದೊರೆಯುವಂತೆ ನೋಡಿಕೊಳ್ಳಬೇಕು. ಅಧಿಕಾರಸ್ಥರಲ್ಲಿ ನಮ್ಮ ಬೇಡಿಕೆಯು ಇಷ್ಟೇ.

ಉಳಿದದ್ದು ಸಮಾಜದ ಕೆಲಸ. ಕುಷ್ಠವನ್ನೇ ಪಾರ್ಲಿಮೆಂಟು 2019ರಲ್ಲಿ ವಿವಾಹ ವಿಚ್ಛೇದನದ ಕಾರಣಗಳಿಂದ ತೆಗೆದುಹಾಕಿತು. ಕಾನೂನು ಕುಷ್ಠರೋಗಿಯ ಸಂಸಾರವನ್ನೂ ಕಾಯುತ್ತಿರುವಾಗ, ಅಂಟದ ಬಿಳಿಯ ಕಲೆಯೊಂದಕ್ಕಾಗಿ ಕನ್ಯೆಯನ್ನು ನಿರಾಕರಿಸುವ ನಾವು ಯಾವ ಮುಖದಿಂದ ಸುಶಿಕ್ಷಿತರೆನಿಸಿಕೊಳ್ಳೋಣ? ಬರುವ ಲಗ್ನಸರಾಯಿಯಲ್ಲಿ ನಮ್ಮ ಓದುಗರು ನಡತೆಯಿಂದಲೇ ಉತ್ತರ ಕೊಡಲಿ.