ಹೊಳಪು ಹಚ್ಚುವ ವಸ್ತುವಲ್ಲ

ಕೊಡಗಿನಲ್ಲಿ ಮಳೆ ಹಿಡಿದ ದಿನ ಎಲ್ಲ ಕಾರುಗಳೂ ಹೊಸವಾಗಿ ಕಾಣುತ್ತವೆ. ಜೂನ್ ತಿಂಗಳ ಒಂದು ಬೆಳಗ್ಗೆ ಮಡಿಕೇರಿಯ ಪೇಟೆಬೀದಿಯಲ್ಲಿ ನಿಂತು ನೋಡಿದರೆ, ಇಪ್ಪತ್ತು ವರ್ಷ ದುಡಿದ ಕಾರೂ ನಿನ್ನೆ ಕೊಂಡು ತಂದ ಕಾರೂ ಒಂದೇ ಸಮನೆ ಮಿರುಗುತ್ತಿರುತ್ತವೆ. ಮಳೆ ನಿಂತು ಮೈಯ ನೀರು ಆರಿತೆಂದರೆ ಹೊಸದು ಹೊಸದಾಗಿಯೇ ಉಳಿಯುತ್ತದೆ. ಹಳೆಯದು ಬೂದಿ ಬಳಿದುಕೊಂಡಂತೆ ಮಂಕಾಗುತ್ತದೆ. ಈ ದೃಶ್ಯವನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ನೀರಿಗೆ ತನ್ನದೆಂಬ ಬಣ್ಣವಿಲ್ಲ. ಹಾಗಾದರೆ ಅರ್ಧ ಗಂಟೆಯ ಮಟ್ಟಿಗೆ ಆ ಹಳೆಯ ಕಾರಿಗೆ ಯೌವನ ಬಂದುದು ಎಲ್ಲಿಂದ?

ಈ ಪ್ರಶ್ನೆಯನ್ನು ಎತ್ತಲು ಕಾರಣವುಂಟು. ಆಯುಧಪೂಜೆ ಹತ್ತಿರವಾಯಿತೆಂದರೆ ನಮ್ಮ ಮನೆಯಂಗಳಗಳಲ್ಲಿ ಕಾರು, ಜೀಪುಗಳನ್ನು ತೊಳೆದು ಉಜ್ಜುವ ಸಂಭ್ರಮ ತೊಡಗುತ್ತದೆ. ಒಬ್ಬರು ಹಲ್ಲುಜ್ಜುವ ಪೇಸ್ಟನ್ನು ಹೊಗಳುತ್ತಾರೆ. ಇನ್ನೊಬ್ಬರು ತೆಂಗಿನೆಣ್ಣೆಯನ್ನು, ಮತ್ತೊಬ್ಬರು ಅಂಗಡಿಯ ರಬ್ಬಿಂಗ್ ಕಾಂಪೌಂಡನ್ನು. ಇವರೆಲ್ಲರ ನಂಬಿಕೆ ಒಂದೇ: ಹೊಳಪೆಂಬುದು ಡಬ್ಬಿಯಿಂದ ತೆಗೆದು ಕಾರಿಗೆ ಹಚ್ಚಬಹುದಾದ ಒಂದು ವಸ್ತು ಎಂಬುದು. ಈ ನಂಬಿಕೆ ತಪ್ಪೆಂದು ನಾನು ಹೇಳುತ್ತೇನೆ. ತಪ್ಪು ನಂಬಿಕೆಗೆ ಬೆಲೆ ತೆತ್ತವರಲ್ಲಿ ನಾನೂ ಒಬ್ಬನಾದುದರಿಂದ ಈ ಮಾತು ಬರಿಯ ಉಪದೇಶವಲ್ಲ.

ಮೊದಲು ಬೆಳಕಿನ ವಿಚಾರವನ್ನು ನೋಡೋಣ. ಕಾರಿನ ಬಣ್ಣದ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ಮಾತ್ರ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಉಳಿದುದು ಒಳಹೊಕ್ಕು, ಅಲ್ಲಿನ ವರ್ಣಕಣಗಳಿಗೆ ತಾಗುತ್ತದೆ. ಅವು ಹೀರಿ ಬಿಟ್ಟ ಭಾಗ ಬಣ್ಣವನ್ನು ಹೊತ್ತು ಹೊರಬರುತ್ತದೆ. ಮೇಲ್ಮೈ ನುಣುಪಾಗಿದ್ದರೆ ಆ 4 ಪಾಲು ಕನ್ನಡಿಯಿಂದ ಬಂದಂತೆ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ಅದನ್ನೇ ನಾವು ಹೊಳಪು ಎನ್ನುವುದು. ಮೇಲ್ಮೈ ಒರಟಾದರೆ ಅದೇ 4 ಪಾಲು ದಿಕ್ಕುದಿಕ್ಕಿಗೆ ಚೆದರಿ, ಒಳಗಿನ ಬಣ್ಣದ ಮೇಲೆ ಬಿಳಿಯ ಮುಸುಕಾಗಿ ಕವಿಯುತ್ತದೆ. ರಾಜಾಸೀಟಿನಲ್ಲಿ ನಿಂತು ಕಣಿವೆಯನ್ನು ನೋಡುತ್ತಿರುವಾಗ ನಡುವೆ ಮಂಜು ಸುಳಿದರೆ ಕಾಡಿನ ಹಸುರು ಮಾಸುವುದಷ್ಟೆ. ಆದರೆ ಆ ಹಸುರು ಎಲ್ಲಿಗೂ ಹೋಗಿರುವುದಿಲ್ಲ. ಕಾರಿನ ಮಂಕೂ ಬಹುಮಟ್ಟಿಗೆ ಅಂಥದೇ.

ಮಳೆಯ ನೀರು ಮಾಡುವುದಿಷ್ಟೆ: ಅದು ಒರಟಿನ ಕುಳಿಗಳನ್ನು ತುಂಬಿ, ತಾನೇ ನುಣುಪಾದ ಹೊದಿಕೆಯಾಗುತ್ತದೆ. ಗಾಳಿಯ ವಕ್ರೀಭವನಾಂಕ 1, ನೀರಿನದು 1.33, ಬಣ್ಣದ ಪೊರೆಯದು ಸುಮಾರು 1.5. ಗಾಳಿ ಮತ್ತು ಬಣ್ಣ ಕೂಡುವಲ್ಲಿ ನೂರಕ್ಕೆ 4 ಪಾಲು ಹಿಂದಿರುಗಿದರೆ, ನೀರು ಮತ್ತು ಬಣ್ಣ ಕೂಡುವಲ್ಲಿ ಹಿಂದಿರುಗುವುದು ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ. ಒರಟು ಅಲ್ಲಿಯೇ ಇದೆ. ಆದರೆ ಬೆಳಕನ್ನು ಚೆದರಿಸುವ ಅದರ ಶಕ್ತಿ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ತೆಂಗಿನೆಣ್ಣೆ ಮಾಡುವುದೂ ಇದನ್ನೇ. ಎಣ್ಣೆ ಆರದ ಮಳೆ ಎನ್ನಬಹುದು. ಆದರೆ ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಒರಟು ಬರುವುದಾದರೂ ಹೇಗೆ? ಮೂವರು ಅಪರಾಧಿಗಳುಂಟು. ಮೊದಲನೆಯದು ಸೂರ್ಯನ ಅತಿನೇರಳೆ ಕಿರಣ. ಅದು ಬಣ್ಣವನ್ನು ಹಿಡಿದಿಟ್ಟಿರುವ ರಾಳದ ಅಣುಸರಪಳಿಗಳನ್ನು ಕಡಿಯುತ್ತದೆ. ಹಳೆಯ ಬಿಳಿಯ ಕಾರಿನ ಮೈಯನ್ನು ಸವರಿದರೆ ಬೆರಳಿಗೆ ಸುಣ್ಣದಂಥ ಪುಡಿ ಹತ್ತುವುದು ಇದರಿಂದಲೇ. ಕೆಲವು ಕೆಂಪು ವರ್ಣದ್ರವ್ಯಗಳಂತೂ ಬಿಸಿಲಿಗೆ ತಾವೇ ಬಿಳುಪೇರುತ್ತವೆ. ಸಾವಿರ ಮೀಟರು ಎತ್ತರಕ್ಕೆ ಈ ಕಿರಣಗಳ ಬಲ ನೂರಕ್ಕೆ ಸುಮಾರು ಹತ್ತರಷ್ಟು ಹೆಚ್ಚುವುದರಿಂದ, ಮಡಿಕೇರಿಯ ತಂಪು ಹವೆಯನ್ನು ನಂಬಿ ಬಿಸಿಲನ್ನು ಕಡೆಗಣಿಸಲಾಗದು. ಎರಡನೆಯದು, ಮರದಡಿ ನಿಲ್ಲಿಸಿದ ಕಾರಿನ ಮೇಲೆ ಬೀಳುವ ಹಕ್ಕಿಯ ಹಿಕ್ಕೆ ಮತ್ತು ಅಂಟುರಸ. ಮೂರನೆಯದು ನಮ್ಮದೇ ಕೈಯ ಒಣಬಟ್ಟೆ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ; ಅವು ಬಣ್ಣಕ್ಕಿಂತ ಎಷ್ಟೋ ಪಾಲು ಗಟ್ಟಿ. ತೊಳೆಯದ ಕಾರನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಮರಳುಕಾಗದದಿಂದ ಉಜ್ಜಿದಂತೆಯೇ.

ಇನ್ನು ಪರಿಹಾರ. ತತ್ತ್ವತಃ ಇರುವುದು ಎರಡೇ ದಾರಿ: ಕುಳಿಯನ್ನು ತುಂಬುವುದು, ಇಲ್ಲವೆ ದಿಬ್ಬವನ್ನು ಸವೆಸುವುದು. ಮೇಣದ ಪಾಲಿಶು ತುಂಬುತ್ತದೆ; ರಬ್ಬಿಂಗ್ ಕಾಂಪೌಂಡೂ ಹಲ್ಲಿನ ಪೇಸ್ಟೂ ಸವೆಸುತ್ತವೆ. ಗಾಜನ್ನು ನಯಗೊಳಿಸುವುದೆಂದರೆ ದೊಡ್ಡ ಗೀರುಗಳನ್ನು ಅಳಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಎಳೆಯುವುದೇ ಎಂದು ನ್ಯೂಟನ್ 1704ರಲ್ಲಿ ಪ್ರಕಟವಾದ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ವಿವರಿಸಿದ್ದಾನೆ. ಉಬ್ಬುತಗ್ಗು ಬೆಳಕಿನ ಅಲೆಯುದ್ದದ ಎಂಟನೆಯ ಒಂದು ಪಾಲಿಗಿಂತ, ಅಂದರೆ ನಮ್ಮ ತಲೆಗೂದಲಿನ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲಿಗಿಂತ, ಚಿಕ್ಕದಾದರೆ ಬೆಳಕಿಗೆ ಆ ಮೇಲ್ಮೈ ನುಣುಪಾಗಿ ತೋರುತ್ತದೆ. ಆದುದರಿಂದ ಉಜ್ಜಿ ಪಡೆದ ಹೊಳಪು ಕಾರಿಗೆ ಸೇರಿಸಿದ್ದಲ್ಲ, ಕಾರಿನಿಂದ ಕಳೆದದ್ದು.

ಕಳೆಯಲು ಇರುವ ಮೂಲಧನವಾದರೂ ಎಷ್ಟು? ಕಾರ್ಖಾನೆಯಿಂದ ಬಂದ ಕಾರಿನ ಬಣ್ಣದ ಪದರಗಳೆಲ್ಲ ಕೂಡಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನು; ಎರಡು ತಲೆಗೂದಲಿನಷ್ಟು ದಪ್ಪ. ಈಚಿನ ಕಾರುಗಳಲ್ಲಿ ಬಣ್ಣದ ಮೇಲೊಂದು ಪಾರದರ್ಶಕ ಪೊರೆ ಇರುತ್ತದೆ. ಪೇಂಟು ಕೆಲಸದವರು ಅದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಅದರ ದಪ್ಪ ಸುಮಾರು 40 ಮೈಕ್ರಾನು. ಅತಿನೇರಳೆ ಕಿರಣವನ್ನು ತಡೆಯುವ ದ್ರವ್ಯ ಇರುವುದು ಈ ಪೊರೆಯಲ್ಲಿ. ಒಮ್ಮೆ ಬಲವಾಗಿ ಉಜ್ಜಿದಾಗ 4 ಮೈಕ್ರಾನು ಹೋಯಿತೆಂದು ಇಟ್ಟುಕೊಂಡರೆ, ಹತ್ತು ಆಯುಧಪೂಜೆಗಳಲ್ಲಿ ಪೊರೆಯೇ ಮುಗಿಯಿತು. ಅದಕ್ಕೂ ಮೊದಲೇ ಕಾರು ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತದೆ.

ಈ ಲೆಕ್ಕವನ್ನು ನಾನು ಕಲಿತದ್ದು ತಡವಾಗಿ. ನನ್ನ ತಂದೆಯವರು ಬಿಟ್ಟುಹೋದ ಕೆಂಪು ಕಾರೊಂದು ನಮ್ಮ ಮನೆಯಲ್ಲಿತ್ತು. ಅವರು ಅದನ್ನು ಮನೆಗೆ ತಂದ ದಿನ ಹೇಗಿತ್ತೋ ಹಾಗೆಯೇ ಇಡಬೇಕೆಂಬ ಆಸೆಯಿಂದ ವರ್ಷವರ್ಷವೂ ಕಾಂಪೌಂಡು ಹಚ್ಚಿ, ಬೆವರಿಳಿಯುವವರೆಗೆ ಉಜ್ಜುತ್ತಿದ್ದೆ. ಬಟ್ಟೆಗೆ ಕೆಂಪು ಹತ್ತಿದಾಗ ಅದನ್ನು ಕೊಳೆಯೆಂದೇ ಬಗೆದೆ. ನಾಲ್ಕನೆಯ ವರ್ಷ ಬಾನೆಟ್ಟಿನ ಅಂಚಿನಲ್ಲಿ ಒಳಪದರದ ಬೂದುಬಣ್ಣ ಇಣುಕಿತು. ಅಂಚಿನಲ್ಲಿ ಬಣ್ಣ ತೆಳ್ಳಗಿದ್ದು, ಕೈಯ ಒತ್ತಡ ಹೆಚ್ಚಾಗುತ್ತದೆಂಬುದು ಭೌತಶಾಸ್ತ್ರ ಪಾಠ ಮಾಡುವ ನನಗೆ ಹೊಳೆಯಲಿಲ್ಲ! ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವ ಊರಿನಲ್ಲಿ ತುಕ್ಕಿಗೆ ಅಷ್ಟು ಬಾಗಿಲು ಸಾಕಾಯಿತು. ತಂದೆಯವರ ಕಾರನ್ನು ಕಾಪಾಡಹೊರಟ ಕೈಯೇ ಅದನ್ನು ಕೆಡಿಸಿತು.

ಹಾಗೆಂದು ಕಾರು ಮಂಕಾಗಿಯೇ ಇರಲಿ ಎಂಬುದು ನನ್ನ ಅಭಿಪ್ರಾಯವಲ್ಲ. ಮನೆಯಲ್ಲೇ ಮಾಡಬಹುದಾದ ಕ್ರಮವುಂಟು. ನೆರಳಿನಲ್ಲಿ ನಿಲ್ಲಿಸಿ, ಮೊದಲು ಬರಿಯ ನೀರು ಹೊಯ್ದು ಧೂಳಿಳಿಸಬೇಕು. ಬಳಿಕ ಕಾರಿಗೆಂದೇ ಮಾಡಿದ ಸೌಮ್ಯವಾದ ಶಾಂಪೂವಿನಿಂದ ತೊಳೆಯಬೇಕು. ಬಟ್ಟೆಯನ್ನು ಹಿಂಡಲು ಬೇರೊಂದು ಬಕೆಟ್ ಇರಲಿ. ಆಮೇಲೆ ಮರೆಯಾದ ಒಂದು ಮೂಲೆಯಲ್ಲಿ ನಯವಾದ ಪಾಲಿಶನ್ನು ಹಗುರವಾಗಿ ಉಜ್ಜಿ ಪರೀಕ್ಷಿಸಬೇಕು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದಕ್ಕೆ ಪಾರದರ್ಶಕ ಪೊರೆಯಿಲ್ಲ. ನೀವು ಬಣ್ಣವನ್ನೇ ತೆಗೆಯುತ್ತಿದ್ದೀರಿ. ಹತ್ತದಿದ್ದರೆ ತೆಗೆಯುತ್ತಿರುವುದು ಪೊರೆಯನ್ನು. ಪೊರೆ ಹಾವಿನ ಪೊರೆಯಂತೆ ಸುಲಿದು ಏಳುತ್ತಿದ್ದರೆ ಯಾವ ಪಾಲಿಶೂ ಅದನ್ನು ಉಳಿಸಲಾರದು. ಹೊಸ ಬಣ್ಣವೇ ಗತಿ. ಪರೀಕ್ಷೆ ಅನುಕೂಲವಾದರೆ ಇಡೀ ಮೈಯನ್ನು ಒಮ್ಮೆ ನಯಗೊಳಿಸಿ, ಅಂಚುಗಳನ್ನು ಬಿಟ್ಟು, ಮೇಲೆ ಮೇಣ ಹಚ್ಚಬೇಕು. ಅಲ್ಲಿಂದ ಮುಂದೆ ಮಳೆಗಾಲಕ್ಕೆ ಮೊದಲೊಮ್ಮೆ, ಕಳೆದ ಮೇಲೊಮ್ಮೆ ಮೇಣವಷ್ಟೇ ಸಾಕು. ಉಜ್ಜುವುದನ್ನು ಕೆಲವು ವರ್ಷ ಮರೆತುಬಿಡಬೇಕು. ನೆರಳಿಗೊಂದು ತಗಡಿನ ಮಾಡು ಇದ್ದರೆ ಅದು ಎಲ್ಲ ಪಾಲಿಶಿಗಿಂತ ಮೇಲು.

ಕನ್ನಡಿಯಂತೆ ಹೊಳೆದು ಎರಡು ವರ್ಷಕ್ಕೆ ತುಕ್ಕು ಹಿಡಿಯುವ ಕಾರಿಗಿಂತ, ತುಸು ಮಂಕಾಗಿ ಹತ್ತು ವರ್ಷ ಮೈಯುಳಿಸಿಕೊಂಡ ಕಾರೇ ಲೇಸೆಂದು ನನ್ನ ಮತ. ವಿದ್ಯಾರ್ಥಿಗಳು ನನ್ನ ಮಾತನ್ನು ನಂಬಬೇಕಾಗಿಲ್ಲ. ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಮರಳುಕಾಗದದಿಂದ ಉಜ್ಜಿ ಮಂಕಾಗಿಸಿ, ಅದರ ಮೇಲೆ ಒಂದು ಹನಿ ನೀರಿಟ್ಟು ನೋಡಲಿ. ಹನಿಯಡಿಯಲ್ಲಿ ಬಣ್ಣ ಮರಳಿ ಬರುವುದನ್ನು ಕಂಡವರು, ಮುಂದಿನ ಆಯುಧಪೂಜೆಗೆ ಕೈಯಲ್ಲಿ ಬಟ್ಟೆ ಹಿಡಿಯುವ ಮುನ್ನ ಒಂದು ಗಳಿಗೆ ಯೋಚಿಸುವರೆಂದು ನಂಬಿದ್ದೇನೆ.